ಒಂದೂಕಾಲು ಇಂಚು

ಟ್ಯಾನರಿ ರಸ್ತೆಯ ಹಂಪು ನನ್ನ ಗಾಡಿಯ ಹೊಟ್ಟೆಯನ್ನು
ಹೆಸರು ಹಿಡಿದು ಕರೆಯುತ್ತದೆ,
ತುಂಬಿಕೊಂಡು ಹೊರಟಾಗ ಮಾತ್ರ.
ಕರ್ರ್ ಅನ್ನುವ ಆ ಸದ್ದಿಗೆ
ಹಿಂದೆ ಒಣಹುಲ್ಲಲ್ಲಿ ಮಲಗಿದ ಮಡಕೆಗಳು
ಒಂದರ ಕಿವಿಯಲ್ಲೊಂದು ಏನೋ ಹೇಳಿಕೊಳ್ಳುತ್ತವೆ.
ಇಳಿಸಿ ಎಣಿಸಿದರೆ ಮೂರು ಕಡಿಮೆ.

ಪಾಟರಿ ಟೌನಿನಿಂದ ಹೊಸೂರು ರಸ್ತೆಯ ಡಾಬಾಗಳಿಗೆ
ತಂದೂರ್ ಒಲೆ, ಬೇಸಿಗೆಗೆ ಹೂಜಿ, ಕಾರ್ತಿಕಕ್ಕೆ ಹಣತೆ,
ಹನ್ನೊಂದು ವರ್ಷ ಹೊತ್ತ ಪಿಕಪ್ಪು.
ಕಮಾನು ಪಟ್ಟೆಗಳು ಕಮಾನೆಂಬುದನ್ನೇ ಮರೆತು
ಸ್ಕೂಲಿನ ಸ್ಕೇಲಿನ ಹಾಗೆ
ನೆಟ್ಟಗೆ ಮಲಗಿವೆ.

ಜೆ.ಸಿ. ರಸ್ತೆಯಲ್ಲಿ ಕೇಳಿದೆ.
ಮೊದಲ ಅಂಗಡಿಯ ಹುಡುಗ ಮೊಬೈಲಲ್ಲಿ ತೋರಿಸಿದ:
ನಾಲ್ಕಿಂಚು ಎದ್ದ ಗಾಡಿ, ಕೆಂಪು ಸ್ಪ್ರಿಂಗು,
ತಿಪ್ಪೆಯ ಮೇಲೆ ನಿಂತ ಹುಂಜದ ಠೀವಿ.
'ಲುಕ್ ಬರುತ್ತೆ ಅಣ್ಣ.'
ಮಡಕೆಗೆ ಯಾಕಪ್ಪ ಲುಕ್ಕು, ಅಂದೆ.
ಎರಡನೆಯವನು ಗ್ಯಾಸ್ ಶಾಕು ತಂದಿಟ್ಟ,
ಹಳದಿ ಬಣ್ಣ, ಮಗುವಿನ ತೊಡೆಯಷ್ಟು ದಪ್ಪ.
ಬೆಲೆ ಕೇಳಿ ನನ್ನ ಕೈ ತಾನಾಗಿ ಹಿಂದಕ್ಕೆ ಬಂತು.
ಮೂರನೆಯವನು, ಶ್ಯಾಕಲ್ ಉದ್ದ ಮಾಡಿಸಿ,
ಸಾವಿರದೈನೂರಕ್ಕೆ ಮುಗಿದುಹೋಗುತ್ತೆ ಅಂದ.
ಏನು ಮುಗಿದುಹೋಗುತ್ತೆ ಅಂತ ಹೇಳಲಿಲ್ಲ.

ಕಲಾಸಿಪಾಳ್ಯದ ಹಿಂದಿನ ಗಲ್ಲಿಯಲ್ಲಿ ಜಬ್ಬಾರ್ ಸಾಬರು
ಹಿಂದಿನ ಬಂಪರಿನ ಮೇಲೆ ಕೂತರು, ಎದ್ದರು, ಮತ್ತೆ ಕೂತರು.
ಗಾಡಿ ನಾಲ್ಕು ಸಲ ತಲೆಯಾಡಿಸಿತು,
ಯಾರೂ ಏನೂ ಕೇಳಿರಲಿಲ್ಲ.
'ನೋಡಿ, ಸ್ಪ್ರಿಂಗು ಹೊರೋದು.
ಶಾಕು, ಸಾಕು ಅನ್ನೋದು.
ಹೊರೋದು ಇದ್ದು ಸಾಕು ಅನ್ನೋದು ಇಲ್ಲ ಅಂದ್ರೆ
ಅದು ಗಾಡಿ ಅಲ್ಲ, ಉಯ್ಯಾಲೆ.'
ಆಮೇಲೆ ಕೈ ಒರೆಸಿಕೊಳ್ಳುತ್ತ ಕೇಳಿದರು:
'ಖಾಲಿ ಎಷ್ಟು ದೂರ ಓಡಿಸ್ತೀರಿ?'

ಇದನ್ನು ನಾನೇ ಕೇಳಿಕೊಂಡಿರಲಿಲ್ಲ.
ಹೊತ್ತ ಲೆಕ್ಕ ಬುಕ್ಕಿನಲ್ಲಿದೆ, ತಾರೀಖಿನ ಸಮೇತ.
ಹಗುರವಾಗಿ ಹಿಂದಿರುಗಿದ್ದು ಎಲ್ಲೂ ಬರೆದಿಲ್ಲ.
ಅರ್ಧ, ಅಂದೆ. ಅರ್ಧಕ್ಕೆ ಅರ್ಧ.
'ಹಾಗಾದ್ರೆ ಗಟ್ಟಿ ಪಟ್ಟೆ ಬೇಡ.
ಬರೋ ದಾರಿನಲ್ಲಿ ನಿಮ್ಮ ಬೆನ್ನು ಒಡೆಯುತ್ತೆ.
ಮುಂದಿನ ಕಾಯಿಲೂ ಚೂರು ಏರಿಸೋಣ,
ಇಲ್ಲಾಂದ್ರೆ ದೀಪ ನೆಲ ನೋಡುತ್ತೆ, ಹೊಸ ಮದುಮಗಳ ಥರ.'

ಎಷ್ಟು ಎತ್ತರ ಅನ್ನುವುದು ಉಳಿಯಿತು.
ಜಾಕು ಕೊಟ್ಟು ಎತ್ತಿ ಎರಡಿಂಚಿನ ಮರದ ತುಂಡು ಇಟ್ಟರು.
ಪೊನ್ನುಸ್ವಾಮಿ ಹಿಂದೆ ಹೋಗಿ ನಿಂತ.
ಒಲೆಯೇ ಇಲ್ಲದ ಜಾಗದಲ್ಲಿ
ಎಪ್ಪತ್ತು ಕೆಜಿಯ ಒಲೆಯನ್ನು ತಬ್ಬಿ ಎತ್ತಿದ,
ಎದೆಯವರೆಗೆ, ಕತ್ತಿನವರೆಗೆ.
ಅಲ್ಲಿ ಬಲಭುಜ ನಿಂತಿತು.
'ಪರವಾಗಿಲ್ಲ' ಅಂದ.

ಅವನ ಪರವಾಗಿಲ್ಲ ನನಗೆ ಗೊತ್ತು.
ಹೆಂಡತಿಯ ಆಪರೇಷನ್ನಿಗೆ ರಜ ಕೇಳದೆ ಬಂದ ದಿನವೂ
ಇದೇ ಮಾತು, ಇದೇ ದನಿ.
ರಸ್ತೆಯಿಂದ ನಾನು ತಪ್ಪಿಸಿಕೊಳ್ಳುವ ಎರಡಿಂಚು
ಗಾಳಿಯಲ್ಲಿ ಕರಗುವುದಿಲ್ಲ,
ಅವನ ಕೀಲಿನಲ್ಲಿ ಹೋಗಿ ಕೂರುತ್ತದೆ.

ಸಾಬರೂ ನೋಡಿದ್ದರು. ಏನೂ ಹೇಳದೆ
ಆ ತುಂಡು ತೆಗೆದು ತೆಳ್ಳಗಿನದೊಂದು ಹುಡುಕಿದರು.
ಪೊನ್ನು ಮತ್ತೆ ಎತ್ತಿದ.
ಇಲ್ಲದ ಒಲೆ ಈ ಸಲ ಒಳಗೆ ಹೋಯಿತು.
ಅಳೆದರೆ ಒಂದೂಕಾಲು.

ಹಳೇ ಪಟ್ಟೆಗಳನ್ನು ಬಿಚ್ಚಿ
ಮಧ್ಯಾಹ್ನ ಪೂರ್ತಿ ಸುತ್ತಿಗೆಯಲ್ಲಿ ಬಡಿದರು,
ಬಾಗುವುದು ನೆನಪಾಗುವ ತನಕ.
ಒಂದು ಪಟ್ಟೆ ಹೊಸದು, ಶಾಕು ನಾಲ್ಕೂ ಹೊಸವು,
ಕಪ್ಪು, ಎಣ್ಣೆಯವು, ಯಾರೂ ತಿರುಗಿ ನೋಡದಂಥವು.
ಬುಷ್ಷಿಗೆ ಬೇರೆ ದುಡ್ಡು.

ಮರುದಿನ ತುಂಬಿಕೊಂಡು ಹೊರಟೆವು.
ಹಂಪು ಮುಟ್ಟಿತು, ಸುಳ್ಳು ಯಾಕೆ ಹೇಳಲಿ,
ಬೆರಳ ತುದಿಯಷ್ಟು. ಮಡಕೆ ಒಂದು ಹೋಯಿತು.
ಮಡಿವಾಳದ ಹತ್ತಿರ ಟೀ ಕುಡಿಯುವಾಗ
ಪೊನ್ನುಸ್ವಾಮಿ ಚಕ್ರದ ಮೇಲಿನ ಸಂದು ನೋಡಿ,
'ಇನ್ನರ್ಧ ಇಂಚು ಏರಿಸಬಹುದಿತ್ತು ನೀವು' ಅಂದ,
ಗ್ಲಾಸನ್ನು ಎಡಗೈಯಲ್ಲಿ ಹಿಡಿದುಕೊಂಡು.