ಬಾಯ್ಲರು ಕೆಟ್ಟ ರಜೆ

ಬಾಯ್ಲರು ಕೆಟ್ಟಿತು. ಚಿಂತಾಮಣಿಯ ಮೆಕ್ಯಾನಿಕ್ಕು
ಸೋಮವಾರಕ್ಕೆ ಬರ್ತೀನಿ ಅಂದ.
ಹನ್ನೆರಡು ವರ್ಷದಲ್ಲಿ ಮೊದಲ ಸಲ
ಶಿಡ್ಲಘಟ್ಟದ ನಮ್ಮ ಹಿತ್ತಲಲ್ಲಿ ಹೊಗೆ ಇಲ್ಲ.

ಆಫ್ರೀನಳ ಇಂಗ್ಲಿಷ್ ಪುಸ್ತಕದಲ್ಲಿ ಟೀ ಅಂದರೆ ಟೆಂಟು,
ಕನ್ನಡ ಪುಸ್ತಕದಲ್ಲಿ ಟ ಅಂದರೆ ಟಗರು.
ಎರಡೂ ಬೇಕು ಅಂದಳು.
ಟಗರಿರುವ ತೋಟ ನನಗೆ ಗೊತ್ತಿದ್ದದ್ದು ಒಂದೇ,
ಮುನಿಶಾಮಪ್ಪನದು.
ಮಾರುಕಟ್ಟೆಯಲ್ಲಿ ಅವನ ಗೂಡಿಗೆ ಬೆಲೆ ಹಾಕುವವನು ನಾನು,
ಹಾಕಿದ ಬೆಲೆಗೆ ಮುಖ ತಿರುಗಿಸುವವನು ಅವನು.
ಫೋನಿನಲ್ಲಿ ಕೇಳಿದ: "ಮಲಗೋಕೆ ಮನೆ ಇಲ್ವಾ ಸಾಬ್ರೇ?"
ಸ್ವಲ್ಪ ತಡೆದು: "ಬನ್ನಿ ಬನ್ನಿ. ಹುಳ ಹಣ್ಣಾಗ್ತಾ ಇವೆ,
ಆರಿಸೋಕೆ ಕೈ ಬೇಕು."

ಒಂದು ಬೈಕು, ನಾಲ್ಕು ಜನ,
ಮುಬೀನಾಳ ಮಡಿಲಲ್ಲಿ ಕುಕ್ಕರು,
ಅದರೊಳಗೆ ಈರುಳ್ಳಿ.
ಹಿಪ್ಪುನೇರಳೆ ಸಾಲಿನ ಪಕ್ಕ ಎರಡು ನೀಲಗಿರಿ ಗಳ ನೆಟ್ಟು
ನೀಲಿ ಟಾರ್ಪಾಲು ಬಿಗಿದು
"ಇಗೋ ಟೆಂಟು" ಅಂದೆ.
ಟಗರು ಬಂದು ಮೂಸಿತು, ಒಂದು ಹಗ್ಗ ತಿಂದಿತು.
ಮಗಳು ಕೈ ತಟ್ಟಿದಳು: ಪಾಠ ಪೂರಾ ಆಯಿತು.

ಮಧ್ಯಾಹ್ನವೆಲ್ಲ ಮಕ್ಕಳು ನೀರಿನ ತೊಟ್ಟಿಯಲ್ಲಿ.
ಚಿಕ್ಕವನು ಹೊರಬಂದು ಬೆರಳು ಚಾಚಿದ,
ಬಿಳಿಚಿ, ಸುಕ್ಕಾಗಿದ್ದವು:
"ಅಬ್ಬಾ, ನನ್ನ ಕೈಯೂ ನಿನ್ನ ಕೈ ಹಂಗಾಯ್ತು!"
ಒರೆಸಿದೆ. ಅವನದು ಸಂಜೆಗೆ ಸರಿಹೋಯಿತು.

ರಾತ್ರಿ ಪಿಳ್ಳಮ್ಮ ಮುದ್ದೆ ತಂದಳು, ಹುರುಳಿ ಬಸ್ಸಾರು.
ಮುಬೀನಾ ಬಾನು ನೋಡುತ್ತ ಅಂದಳು:
"ಬಾಯ್ಲರಿನ ಸದ್ದಿಲ್ಲದೆ ನಿದ್ದೆ ಬರೊಲ್ಲ ಕಣ್ರೀ."
ಅಷ್ಟರಲ್ಲಿ ಗೊರಕೆ.

ಒಂದೂವರೆಗೆ ತ್ರೀ ಫೇಸ್ ಬಂತು.
ಎಲ್ಲೋ ಕತ್ತಲಲ್ಲಿ ಸ್ಟಾರ್ಟರು ಟಕ್ ಅಂದದ್ದೇ ತಡ
ಸಾವಿರದಿನ್ನೂರು ಅಡಿ ಆಳದ ನೀರು
ನಮ್ಮ ಚಾಪೆಯನ್ನೇ ಹುಡುಕಿಕೊಂಡು ಬಂದಂತೆ ಬಂತು.
ಮುನಿಶಾಮಪ್ಪ ಬ್ಯಾಟರಿ ಹಿಡಿದು ಓಡಿ ಬಂದ:
"ಅಯ್ಯೋ, ಈ ಮಡಿ ನೀರಿನ ದಾರಿ ಅಂತ
ಹೇಳೋದೇ ಮರ್ತೆ!"
ಮಕ್ಕಳಿಗೆ ಇದೂ ರಜೆಯ ಲೆಕ್ಕಕ್ಕೇ.
ಒದ್ದೆ ಚಡ್ಡಿಯಲ್ಲಿ ಕುಣಿದರು.

ಹುಳದ ಮನೆಯ ಜಗಲಿಯಲ್ಲಿ ಜಾಗ ಕೊಟ್ಟರು.
ಗೋಡೆಗೊರಗಿಸಿದ ಚಂದ್ರಿಕೆಗಳಲ್ಲಿ
ಹಣ್ಣು ಹುಳಗಳು ತಲೆ ಆಡಿಸುತ್ತಿದ್ದವು,
ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ,
ಯಾರಿಗೋ ಬೇಡ ಬೇಡ ಅನ್ನುವ ಹಾಗೆ.
ಆಫ್ರೀನ್ ಮಲಗಲಿಲ್ಲ.
"ಗೂಡು ಕಟ್ಟಿ ಆಮೇಲೆ ಎಲ್ಲಿಗೆ ಹೋಗ್ತವೆ?"
ಪಿಳ್ಳಮ್ಮ ನನ್ನ ನೋಡಿದಳು.
ನಾನು ಟಾರ್ಪಾಲು ಹಿಂಡಿದೆ. ಒಮ್ಮೆ ಹಿಂಡಿದ್ದನ್ನೇ ಮತ್ತೆ ಹಿಂಡಿದೆ.
"ಮಾರುಕಟ್ಟೆಗೆ."
"ಅಲ್ಲಿಂದ?"
"ನಮ್ಮ ಮನೆಗೆ."
"ಹಂಗಾದ್ರೆ," ಕಣ್ಣು ಮುಚ್ಚುತ್ತ ಅಂದಳು,
"ನಾವು ಇವರ ಮನೆಗೆ ಬಂದ ಹಂಗೆ."
ದುಪ್ಪಟಿ ಸುತ್ತಿಕೊಂಡಳು, ಕಾಲಿಂದ ತಲೆವರೆಗೆ,
ಒಂದು ಬೆರಳು ತೂರದಷ್ಟು ಬಿಗಿಯಾಗಿ.
ಮುಖದ ಮೇಲಿಂದ ಮೆಲ್ಲಗೆ ಸರಿಸಿದೆ.
ಎರಡು ಸಲ ಸರಿಸಿದೆ.

ಬೆಳಿಗ್ಗೆ ಒಣಗಲು ಹಾಕಿದ್ದ ಟಾರ್ಪಾಲು ಮಡಿಸಹೋದರೆ
ಮಡಿಕೆಯ ಮೂಲೆಯಲ್ಲಿ
ದಾರಿ ತಪ್ಪಿದ ಒಂದು ಹುಳ
ಆಗಲೇ ನೂಲು ಬಿಗಿದು, ಒಳಗೆ ಮಸುಕಾಗಿ ಆಡುತ್ತಿತ್ತು.
ಮುನಿಶಾಮಪ್ಪ ಕಿತ್ತು ಚಂದ್ರಿಕೆಗೆ ಹಾಕಲು ಕೈ ಚಾಚಿದ.
"ಇರಲಿ ಬಿಡಣ್ಣ," ಅಂದೆ, "ಟಾರ್ಪಾಲು ಇಲ್ಲೇ ಇರಲಿ,
ಹದಿನೈದು ದಿನ ಬಿಟ್ಟು ಒಯ್ತೀನಿ."
"ಒಂದು ಗೂಡಿಗಾ?" ನಕ್ಕ.
"ಇದಕ್ಕೆಷ್ಟು ಹಾಕ್ತೀರಿ ಸಾಬ್ರೇ, ಬೆಲೆ?"

ಬೈಕು ಹೊರಟಿತು. ಹಿಂದೆ ಕುಕ್ಕರಿನ ಮುಚ್ಚಳ ಗಲಗಲ.
ಸೋಮವಾರ ಮೆಕ್ಯಾನಿಕ್ಕು ಬಂದ.