ಎರಡು ಸುಣ್ಣಗಾಯಿ

ಹೆಂಜೇರಿನ ಅರಮನೆಯಲ್ಲಿ ನಾನು ಹಡಪದವಳು.
ಎಲೆಯ ತೊಟ್ಟು ಮುರಿದು, ನಾರು ಸುಲಿದು,
ಬೆನ್ನಿಗೆ ಸುಣ್ಣ ಸವರಿ ಮಡಿಸುವ ಈ ಹೆಬ್ಬೆರಳು
ಇವತ್ತಿಗೂ ಬೆಳ್ಳಗೆ ಸುಟ್ಟೇ ಇದೆ, ನೋಡು.

ತಮ್ಮ ಕೇತಲ ಅರಸನ ವೇಳೆವಾಳಿ.
ಉಂಡ ಜೋಳಕ್ಕೆ ಮಾತು ಕೊಟ್ಟವನು:
ಅರಸ ಸತ್ತ ದಿನ, ಅವನನ್ನಿಡುವ ಮಣ್ಣಿನ ಕೆಳಗೆ
ಉಸಿರಿರುವಾಗಲೇ ಕೀಳ್ಗುಂಟೆಯಾಗುತ್ತೇನೆಂದು.
ಬದಲಿಗೆ ನಮಗೆ ಕೆರೆಯ ಕೆಳಗೆ ಐಗಂಡುಗ ಗದ್ದೆ.
ಅದರ ಮೊದಲ ಅಕ್ಕಿ ಬೆಂದ ದಿನ
ಅವ್ವ ಒಂದು ತುತ್ತೂ ಮುಟ್ಟಲಿಲ್ಲ.
ಅವನು ಎರಡು ಸಲ ಬಡಿಸಿಕೊಂಡ.

ಹಾಗಾಗಿ ಅರಸ ಕೆಮ್ಮಿದರೆ ನನಗೆ ಎದೆನೋವು.
ಅರಸನ ಕುದುರೆ ಮುಗ್ಗರಿಸಿತೆಂದರೆ
ಅವ್ವ ಮಾರಿಗೆ ಹರಕೆ ಕಟ್ಟುತ್ತಿದ್ದಳು.
ಊರು ಇದನ್ನು ಸ್ವಾಮಿಭಕ್ತಿ ಎಂದಿತು.
ಅನ್ನಲಿ.

ಒಂದು ಸಂಜೆ ಪೆರ್ಗಡೆ ನನ್ನಿಯಯ್ಯ
ಕರಿಕಲ್ಲಿನ ಕಂಬ ಕಡೆಯುವಲ್ಲಿಗೆ ಕರೆಸಿದ.
ಉಳಿಯ ಸದ್ದಿನಲ್ಲಿ ಮಾತು ಯಾರಿಗೂ ಕೇಳದು.
ಕಿರಿಯರಸನ ಹೆಸರು ಎತ್ತಲಿಲ್ಲ,
ಉಂಗುರ ತೋರಿಸಿ ಮತ್ತೆ ಮುಷ್ಟಿ ಮುಚ್ಚಿಕೊಂಡ.
ಇನ್ನೊಂದು ಅಂಗೈಯಲ್ಲಿ ಒಂದು ಸುಣ್ಣಗಾಯಿ,
ನನ್ನದರ ಹಾಗೆಯೇ ಹಿತ್ತಾಳೆ,
ನನ್ನದರ ಹಾಗೆಯೇ ಮುಚ್ಚಳದ ಮೇಲೊಂದು ಗಿಳಿ.
"ಒಂದೇ ಎಲೆ ಸಾಕು. ನಿದ್ದೆ ಬಂದ ಹಾಗೆ.
ಅವತ್ತು ಕೇತಲನನ್ನು ಓಲೆ ಕೊಟ್ಟು
ನಿಡುಗಲ್ಲಿಗೆ ಕಳಿಸಿರುತ್ತೇನೆ."

"ಹಿಂತಿರುಗಿ ಬಂದ ಮೇಲೆ?" ಅಂದೆ.
ಅವನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ.
ನಮ್ಮ ಹುಡುಗ ಬಂದು, ಮಿಂದು, ಒದ್ದೆ ಪಂಚೆಯಲ್ಲೇ
ತನ್ನ ಗುಂಡಿ ತಾನೇ ತೋಡಿಕೊಳ್ಳುವಂಥವನು.
ಜೋಳ ತಿಂದ ಬಾಯಿ ಎಂಥದೆಂದು
ತುಪ್ಪ ತಿಂದವನಿಗೆ ಹೇಗೆ ಹೇಳುವುದು.

ಆದರೂ ಇಸಿದುಕೊಂಡೆ. ಬೇಡವೆಂದಿದ್ದರೆ
ಇನ್ನೊಬ್ಬಳ ಕೈಗೆ ಹೋಗುತ್ತಿತ್ತು.

ಮೂರನೆಯ ದಿನ ಒಡ್ಡೋಲಗ. ತಮ್ಮ ನಿಡುಗಲ್ಲಿನ ದಾರಿಯಲ್ಲಿ.
ಅರಸ ಎಲೆಗೆ ಕೈ ಚಾಚಿದ.
ನಾನು ಕೊಡದೆ ತಲೆ ಬಾಗಿಸಿದೆ:
"ಒಡೆಯಾ, ಇವತ್ತಿನ ಮೊದಲ ವೀಳ್ಯ ಪೆರ್ಗಡೆಯವರಿಗಾಗಲಿ,
ಕೆರೆಗೆ ತೂಬು ಕಟ್ಟಿಸಿದ್ದಾರೆ."
ಹಡಪದವಳು ಓಲಗದಲ್ಲಿ ಬಾಯಿ ಬಿಟ್ಟದ್ದು ಅದೇ ಮೊದಲು.
ಅರಸ ನಕ್ಕ. ಹೂಂ ಅಂದ.

ನನ್ನಿಯಯ್ಯ ಎರಡೂ ಕೈಯೊಡ್ಡಿದ.
ಬಾಯಿಗೆ ಹಾಕಿಕೊಂಡ. ಜಗಿಯಲಿಲ್ಲ.
ಒಂದು ಕೆನ್ನೆ ಉಬ್ಬಿ ಹಾಗೇ ನಿಂತಿತು.
ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿಯಿತು.
"ಯಾಕೆ, ಸೇರಲಿಲ್ಲವೆ?" ಅರಸ ಕೇಳಿದ.
ಕಂಬಕ್ಕೆ ಕೈಕೊಟ್ಟು ಉಗಿದ, ಉಗಿಯುತ್ತಲೇ ಇದ್ದ,
ಬೆರಳು ಹಾಕಿ ನಾಲಿಗೆ ಕೆರೆದುಕೊಂಡ.

ಅದರಲ್ಲಿದ್ದದ್ದು ನನ್ನ ದಿನದ ಸುಣ್ಣವೇ.

ಪೆರ್ಗಡೆಗೆ ಏನಾಯಿತೆಂದು ಊರೇ ಹೇಳುತ್ತದೆ, ನಾನು ಯಾಕೆ.
ಮರುದಿನ ಕಿರಿಯರಸನ ಬೆರಳಲ್ಲಿ ಉಂಗುರವಿರಲಿಲ್ಲ;
ಎಲ್ಲರೂ ನೋಡಿದರು, ಯಾರೂ ನೋಡಲಿಲ್ಲ.

ಹನ್ನೊಂದು ವರ್ಷ ಸಿಕ್ಕಿತು.
ಅಷ್ಟರಲ್ಲಿ ತಮ್ಮನಿಗೆ ಮದುವೆ, ಎರಡು ಹೆಣ್ಣು, ಒಂದು ಗಂಡು,
ಎಡ ಮಂಡಿಯ ನೋವು, ಹುಣಸೆಯ ಚಿಗುರೆಂದರೆ ವಿಪರೀತ ಆಸೆ.
ಹನ್ನೆರಡನೆಯ ವೈಶಾಖದಲ್ಲಿ ಅರಸ
ಬರೀ ಚಳಿಜ್ವರಕ್ಕೆ ಸತ್ತ.

ಗುಂಡಿ ಐದು ಮೊಳ ಆಳ.
ಮಂಡಿ ನೋವೆಂದು ಮೆಟ್ಟಿಲು ತೋಡಿಕೊಟ್ಟಿದ್ದರು.
ಆಚೆಯಿಂದ ಚಪ್ಪಡಿ ಎಳೆದು ತರುವ ಹುಯಿಲು.
ಅವನು ಮುಖವೆತ್ತಿ "ಅಕ್ಕಾ, ಒಂದು ಎಲೆ" ಅಂದ.

ಹಡಪದ ತಳದಲ್ಲಿ ಬಟ್ಟೆ ಸುತ್ತಿಟ್ಟಿದ್ದ
ಇನ್ನೊಂದು ಗಿಳಿಯ ಮುಚ್ಚಳ ತೆರೆದೆ.
ಒಣಗಿ ಬಿರಿದಿತ್ತು. ನೀರು ಚಿಮುಕಿಸಿ ನಾದಿದೆ.
ನಾಲ್ಕು ಮೆಟ್ಟಿಲಿಳಿದು ಬಾಯಿಗೇ ಇಟ್ಟೆ.

ಎರಡು ಸಲ ಜಗಿದ. ನನ್ನನ್ನೇ ನೋಡಿದ.
"ಸುಣ್ಣ ಹೆಚ್ಚಾಯಿತಕ್ಕ," ಅಂದ.
ಅಂದು, ಪೂರಾ ಜಗಿದ.