ಕಳೆ

ಕಕ್ಕಬೆಯ ಈ ಮನೆಯಲ್ಲಿ ಬೀಜಗಳಿಗೆಲ್ಲ
ಬಿಸ್ಕತ್ತಿನ ಡಬ್ಬಿಗಳು. ಮುಚ್ಚಳದ ಮೇಲೆ
ನನ್ನ ಗಂಡನ ಅಜ್ಜಿ ದೇಚವ್ವನ ಉರುಟು ಅಕ್ಷರ:
ಡೇಲಿಯಾ. ಫ್ಲಾಕ್ಸ್. ಸ್ವೀಟ್ ಪೀ, ಊಟಿಯದು, ಐವತ್ತೆರಡು.
ಒಂದಕ್ಕೆ ಮಾತ್ರ ಹೆಸರಿಲ್ಲ.
ಅಲ್ಲಾಡಿಸಿದರೆ ರಾಗಿಯಂಥ ಸದ್ದು.

ತೋಟದ ದೊರೆಸಾನಿ ಹಡಗು ಹತ್ತುವ ಮುನ್ನ
ಕೊಟ್ಟು ಹೋದದ್ದಂತೆ ಡೇಲಿಯಾ ಗೆಡ್ಡೆ,
ಜೊತೆಗೊಂದು ಕತ್ತರಿ, ಅದರ ಜೊತೆಗೇ
ಯಾವುದು ಹೂ, ಯಾವುದು ಕಸ ಎಂಬ ತೀರ್ಪು.
ಲಂಟಾನವೂ ಹೀಗೇ ಕುಂಡದಲ್ಲಿ ಕೂತು ಬಂದದ್ದು ಅನ್ನುತ್ತಾರೆ.
ಬೇಲಿ ಹಾರಿತು. ಯಾರೂ ಕೇಳಲಿಲ್ಲ.

ಬಾಣೆಯ ಹುಲ್ಲಿನಿಂದ ಇತ್ತ ಇಳಿದು ಬಂದವಕ್ಕೆ ಮಾತ್ರ
ಗೇಟಿನಲ್ಲೇ ಕತ್ತಿ.
ದನದ ಗೊರಸಿನ ಕೆಸರಲ್ಲಿ ಬಂದ ನೆಲಸೀತಾಳೆ,
ಕಾಡು ಕರ್ಣಕುಂಡಲ,
ತಡಿಯಂಡಮೋಳಿನ ಗಾಳಿ ಉದುರಿಸಿ ಹೋದ ಏನೇನೋ,
ವಾರಕ್ಕೊಮ್ಮೆ ಎರವರ ಚೋಮಿ ಕುಕ್ಕರಗಾಲಲ್ಲಿ ಕೂತು
ಕಿತ್ತು, ಗೊಬ್ಬರದ ಗುಂಡಿಗೆ.
ತೋಕ್‌ಪೂವಿಗೆ ವರ್ಷಕ್ಕೊಂದು ದಿನದ ಮರ್ಯಾದೆ:
ಕೈಲ್‌ಪೊಳ್ದಿಗೆ ಕೋವಿಯ ಮೂತಿಯಲ್ಲಿ ಕೂರಿಸಿ,
ಮರುದಿನ ಬಳ್ಳಿ ಸಮೇತ ಬೇಲಿಯಾಚೆ.

ಒಂದು ಮಳೆಗಾಲ ಡೇಲಿಯಾವೆಲ್ಲ ಕೊಳೆಯಿತು.
ಛತ್ರಿ ಹಿಡಿದು ನೋಡಲು ಹೋದ ದೇಚವ್ವ
ಕೊಳಾಯಿಯ ಹಿಂದೆ ನಿಂತುಬಿಟ್ಟಳು:
ಕಿರುಬೆರಳ ಉಗುರಿನಷ್ಟು ನೀಲಿ, ನಡುವೆ ಅರಿಸಿನ,
ಒಂದಲ್ಲ, ಒಂದು ಚಾಪೆಯಷ್ಟು.
‘ಇದ್ಯಾಕೆ ಉಳೀತು?’
‘ಕಣ್ಣು ಮಂಜು, ಅವ್ವಾ,’ ಅಂದಳು ಚೋಮಿ.
ಇಪ್ಪತ್ತು ಮಾರು ದೂರದ ಮರದಲ್ಲಿ
ಹೆಜ್ಜೇನು ತುಂಬಿದೆಯೋ ಇಲ್ಲವೋ ಹೇಳುವ ಕಣ್ಣು.
ಆ ಒಂದು ಮೂಲೆಗೆ ಬಂದಾಗ ಮಾತ್ರ
ವರ್ಷ ವರ್ಷವೂ ಮಂಜಾಗಿತ್ತು.
ಕಾಫಿ ಏರುವ ಮೊದಲು ಆ ಬಾಣೆಯಲ್ಲೇ
ಅವಳ ತಾಯಿಯ ಹಾಡಿ ಇತ್ತು.
ಇದನ್ನು ದೇಚವ್ವ ಕೇಳಲಿಲ್ಲ, ಅವಳು ಹೇಳಲಿಲ್ಲ.
‘ಇರಲಿ ಬಿಡು,’ ಅಂದಳಂತೆ ಅಜ್ಜಿ,
‘ಮೂಲೆಗೊಂದಿಷ್ಟು ಕಳೆ ಬಂತು.’

ಮಡಿಕೇರಿಯ ಫ್ಲವರ್ ಶೋಗೆ ಒಯ್ದಾಗ
ಗುಮಾಸ್ತ ಹಾಳೆಯನ್ನು ಮೇಲೆ ಕೆಳಗೆ ಹುಡುಕಿದ.
ಇದಕ್ಕೆ ಕಾಲಂ ಇಲ್ಲ, ಮೇಡಂ.

ಚೋಮಿಯ ಮೊಮ್ಮಗಳು ಸುಗುಣ ಈಗ ನರ್ಸರಿಯಲ್ಲಿದ್ದಾಳೆ.
ಅದೇ ನೀಲಿ, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ,
ನೂರೈವತ್ತು ರೂಪಾಯಿ, ಚೌಕಾಸಿ ಇಲ್ಲ.
ಭಾನುವಾರ ಬಂದಿದ್ದಳು. ಡಬ್ಬಿ ತೋರಿಸಿ ಕೇಳಿದೆ,
ನಿಮ್ಮಲ್ಲಿ ಇದಕ್ಕೇನಂತಾರೆ?
‘ಅಜ್ಜಿ ಏನೋ ಅಂತಿದ್ದಳು ಅಕ್ಕಾ. ಬಾಯಿಗೆ ಬರ್ತಿಲ್ಲ.’
ಕೊಳಾಯಿ ತಿರುಗಿಸಿ ಕೈ ತೊಳೆದಳು,
ನೀರು ನೀಲಿಯ ಮೇಲೆ ಹೋಗದಂತೆ
ಕಾಲಿನಿಂದ ಸಣ್ಣ ಕಾಲುವೆ ಎಳೆದಳು.

ನೆನಪಾದರೆ ಫೋನ್ ಮಾಡುತ್ತಾಳಂತೆ.
ಪೆನ್ಸಿಲ್ ಚೂಪು ಮಾಡಿ
ಡಬ್ಬಿಯ ಪಕ್ಕ ಇಟ್ಟಿದ್ದೇನೆ.